ಕಡಿಮೆ ಖರ್ಚಿನ ಆಟದ ದುಬಾರಿ ಭಾನುವಾರ

ಚೆಸ್ ಬಡವರ ಆಟ ಎಂಬ ಮಾತಿದೆ. ಮೈದಾನ ಬೇಡ, ಶೂ ಬೇಡ, ಬ್ಯಾಟು ಪ್ಯಾಡುಗಳ ಗೊಡವೆಯಿಲ್ಲ. ಸುರುಳಿ ಸುತ್ತುವ ಒಂದು ಬೋರ್ಡು, ಒಂದು ಚೀಲ ಪ್ಲಾಸ್ಟಿಕ್ ಕಾಯಿ ತಂದಿಟ್ಟರೆ ಅಣ್ಣ ಆಡಿ ಬಿಟ್ಟಿದ್ದನ್ನು ತಂಗಿ ಆಡುತ್ತಾಳೆ, ವರ್ಷಗಟ್ಟಲೆ ಸವೆಯುವುದಿಲ್ಲ. ಮನೆಯ ಜಗಲಿಯಲ್ಲಿ ಆಡುವ ಮಟ್ಟಿಗೆ ಈ ಮಾತು ಪೂರ್ತಿ ನಿಜ. ಟೂರ್ನಿಗೆ ಹೋಗಿ ಆಡುವ ಮಟ್ಟಿಗೆ ನಿಜವಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಲ್ಲಿ ಕೈ ಬಿಗಿಯಾದ ವರ್ಷ ಬಂದರೆ ಟೂರ್ನಿಯ ಹಾಲ್‌ನಲ್ಲಿ ಹಾಕಿಟ್ಟ ಕುರ್ಚಿಗಳು ಖಾಲಿ ಉಳಿಯುತ್ತವೆ. ಮಕ್ಕಳಿಗೆ ಆಸಕ್ತಿ ಹೋಯಿತು, ಎಲ್ಲರೂ ಮೊಬೈಲ್ ಹಿಡಿದು ಕೂತರು ಎಂದು ಸಂಘಟಕರು ನೊಂದುಕೊಳ್ಳುತ್ತಾರೆ. ಆಸಕ್ತಿ ಎಲ್ಲೂ ಹೋಗಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18ರ ಹರೆಯದ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಬೋರ್ಡು ಕೊಡಿಸಿ ಎಂದು ಹಟ ಹಿಡಿದ ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಅವರು ಟೂರ್ನಿಗೆ ಯಾಕೆ ಬರುತ್ತಿಲ್ಲ ಎಂಬುದು ತಿಳಿಯಬೇಕಾದರೆ ಅವರ ಮನೆಯ ಲೆಕ್ಕದಿಂದ ಶುರುಮಾಡಬೇಕು.

ಮಾಗಡಿ ಕಡೆಯ ಒಂದು ಹಳ್ಳಿಯಿಂದ ಏಳನೇ ಕ್ಲಾಸಿನ ಹುಡುಗ ರಾಮನಗರದ ಒಂದು ದಿನದ ಟೂರ್ನಿಗೆ ಬರಬೇಕು ಎಂದುಕೊಳ್ಳಿ. ಎಂಟ್ರಿ ಫೀ ನಾನೂರು ರೂಪಾಯಿ ಇದೆ ಎನ್ನೋಣ. ಜೊತೆಗೆ ಅಪ್ಪ ಬರಬೇಕು. ಹಳ್ಳಿಯಿಂದ ಮಾಗಡಿಗೆ ಆಟೊ, ಅಲ್ಲಿಂದ ಬಸ್ಸು. ಮಾಗಡಿಗೆ ರೈಲಿಲ್ಲ, ಕನಕಪುರಕ್ಕೂ ಇಲ್ಲ. ರೈಲು ಹಾದುಹೋಗುವುದು ರಾಮನಗರ, ಚನ್ನಪಟ್ಟಣಗಳ ಮೂಲಕ ಮಾತ್ರ. ಒಂಬತ್ತಕ್ಕೆ ಮೊದಲ ರೌಂಡ್ ಎಂದರೆ ಆರಕ್ಕೇ ಮನೆ ಬಿಡಬೇಕು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಊಟ, ನಡುವೆ ಎರಡು ಸಲ ಕಾಫಿ. ಬಹುಮಾನ ಕೊಡುವ ಹೊತ್ತಿಗೆ ಸಂಜೆ ಆರಾಗುತ್ತದೆ. ಅಪ್ಪ ಗಾರೆ ಕೆಲಸದವನಾದರೆ ಆ ದಿನದ ಕೂಲಿ ಹೋಯಿತು. ಸಣ್ಣ ಅಂಗಡಿ ಇದ್ದರೆ ಭಾನುವಾರದ ವ್ಯಾಪಾರ ಹೋಯಿತು. ಎಲ್ಲ ಕೂಡಿಸಿದರೆ ಒಂದೂವರೆ ಸಾವಿರ ರೂಪಾಯಿ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಚೆಸ್‌ಗೆ ಅಂತ ಕೊಟ್ಟದ್ದು ನಾನೂರು. ಉಳಿದದ್ದೆಲ್ಲ ಭಾನುವಾರದ ಬೆಲೆ.

ವ್ಯಾಪಾರ ಚೆನ್ನಾಗಿದ್ದ ವರ್ಷ ಈ ದುಡ್ಡನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಕಷ್ಟದ ವರ್ಷ ಮನೆಯ ಖರ್ಚುಗಳೆಲ್ಲ ಸಾಲಾಗಿ ನಿಂತುಕೊಳ್ಳುತ್ತವೆ. ಸಂಘದ ವಾರದ ಕಂತು ತಡೆಯುವುದಿಲ್ಲ, ಚೀಟಿ ದುಡ್ಡು ತಡೆಯುವುದಿಲ್ಲ, ಅಜ್ಜಿಯ ಬಿ.ಪಿ. ಮಾತ್ರೆ ತಡೆಯುವುದಿಲ್ಲ. ತಡೆಯಬಲ್ಲದ್ದು ಟೂರ್ನಿ ಒಂದೇ. ‘ಮುಂದಿನ ಸಲ ಹೋದರಾಯ್ತು ಬಿಡು ಮಗ’ ಎಂಬ ಮಾತಿನಲ್ಲಿ ಅದು ಮುಗಿಯುತ್ತದೆ. ಮುಂದಿನ ಸಲವೂ ಹಾಗೇ ಆದರೆ ಹುಡುಗ ಕೇಳುವುದನ್ನೇ ಬಿಡುತ್ತಾನೆ.

ಈ ಜಿಲ್ಲೆಯಲ್ಲಿ ಕಷ್ಟದ ವರ್ಷ ಹೇಗೆ ಬರುತ್ತದೆ ಎಂಬುದಕ್ಕೆ ರೇಷ್ಮೆಯಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಇಲ್ಲ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜು ಕೂಗಿದ ದರ ಆ ವಾರ ಸುತ್ತಲಿನ ಹಳ್ಳಿಗಳ ಅಡುಗೆಮನೆಯವರೆಗೂ ಹೋಗುತ್ತದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ದರ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. ಎರಡು ವರ್ಷದ ಮೇಲೆ ಅದನ್ನು ಶೇ 15ಕ್ಕೆ ಏರಿಸಿದರೂ ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತು ಹಾಕಿದವರಿದ್ದರು. 2020ರಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ನೂಲಿಗೆ ಗಿರಾಕಿಯಿಲ್ಲದೆ ರೀಲರ್‌ಗಳು ಕೈಕಟ್ಟಿ ಕೂತರು, ಗೂಡಿನ ದರ ಮತ್ತೆ ನೆಲಕಚ್ಚಿತು.

ದರ ಬಿದ್ದಾಗ ಕಳೆದುಹೋಗುವುದು ದುಡ್ಡು ಮಾತ್ರ ಎಂದು ಪಟ್ಟಣದಲ್ಲಿ ಕೂತವರಿಗೆ ಅನ್ನಿಸುತ್ತದೆ. ಹುಳು ಮನೆಯೊಳಗೆ ಒಮ್ಮೆ ಕಾಲಿಟ್ಟರೆ ಬೇರೆಯದೇ ಕಾಣುತ್ತದೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುವಿಗೆ ಹಸಿವು ತಡೆಯುವುದಿಲ್ಲ. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹಗಲೂ ರಾತ್ರಿ ಹಾಕಬೇಕು. ಆಮೇಲೆ ಹುಳು ಹಣ್ಣಾಗಲು ಶುರುವಾದರೆ ಒಂದೆರಡು ದಿನದೊಳಗೆ ಒಂದೊಂದನ್ನೂ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ತಡವಾದರೆ ಸಿಕ್ಕಿದಲ್ಲಿ ಗೂಡು ಕಟ್ಟಿ ಕೆಡಿಸುತ್ತವೆ. ದರ ಚೆನ್ನಾಗಿದ್ದರೆ ಹಣ್ಣು ಹುಳು ಆರಿಸಲು ನಾಲ್ಕು ಜನ ಕೂಲಿಯವರನ್ನು ಕರೆಯುತ್ತಾರೆ. ದರ ಬಿದ್ದಿದ್ದರೆ ಮನೆಯವರೇ ಕೂರುತ್ತಾರೆ. ಮನೆಯವರು ಎಂದರೆ ಮಕ್ಕಳೂ ಸೇರಿದಂತೆ. ಬೆಳೆ ಒಂದು ತಿಂಗಳಿಗೆ ಸ್ವಲ್ಪ ಕಡಿಮೆ ಅವಧಿಯದು. ಹಾಗಾಗಿ ತಿಂಗಳಿಗೊಂದು ಭಾನುವಾರವಾದರೂ ಹುಳುವಿನ ಪಾಲಿಗೆ ಹೋಗುತ್ತದೆ, ಟೂರ್ನಿ ಅದೇ ಭಾನುವಾರ ಬಿದ್ದರೆ ಹುಡುಗನಿಗೆ ಬೋರ್ಡಿಲ್ಲ. ಮಾರುಕಟ್ಟೆಯ ಹೊರಗೆ ಮಾತಿಗೆ ಸಿಕ್ಕ ಬೆಳೆಗಾರರೊಬ್ಬರು ಮಗನ ವಿಷಯ ಹೇಳುತ್ತಾ, ‘ಆಡಕ್ಕೆ ಬತ್ತದೆ ಸಾ, ಚೆನ್ನಾಗೇ ಆಡ್ತಾನೆ. ಭಾನುವಾರ ಬಿಡಕ್ಕಾಗಕಿಲ್ಲ, ಅಷ್ಟೇಯ’ ಎಂದರು. ನಾನು ಇಲ್ಲಿ ಇಷ್ಟುದ್ದ ಬರೆಯುತ್ತಿರುವುದನ್ನು ಅವರು ಒಂದೇ ಉಸಿರಿಗೆ ಮುಗಿಸಿದ್ದರು.

ಚನ್ನಪಟ್ಟಣದ ಕಷ್ಟ ಇನ್ನೊಂದು ಬಗೆಯದು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದರ ಬೈಪಾಸ್ ತೆರೆಯುವ ಮೊದಲು ಮೈಸೂರಿಗೆ ಹೋಗುವ ಪ್ರತಿ ಕಾರೂ ಪೇಟೆಯ ನಡುವೆ ತೆವಳಿಕೊಂಡು ಹೋಗುತ್ತಿತ್ತು, ಮಕ್ಕಳು ಬೊಂಬೆ ಅಂಗಡಿ ಕಂಡು ಕಾರು ನಿಲ್ಲಿಸುತ್ತಿದ್ದರು. ಬೈಪಾಸ್ ಬಂದ ಮೇಲೆ ಕಾರುಗಳು ಊರಿನ ಆಚೆಯಿಂದಲೇ ಹಾರಿಹೋದವು. ಹಳೆಯ ಹೆದ್ದಾರಿಯ ಬದಿಯ ಬೊಂಬೆ ಅಂಗಡಿ, ಹೋಟೆಲು, ಎಳನೀರಿನವರು ಎಲ್ಲರಿಗೂ ಹೊಡೆತ ಬಿತ್ತು. ಅಂಗಡಿಯಲ್ಲಿ ಮಾರಾಟ ಕುಂದಿದರೆ ಹಿಂದಿನ ಬೀದಿಯಲ್ಲಿ ಲೇತ್ ಮುಂದೆ ಕೂತು ಬೊಂಬೆಗೆ ಇಷ್ಟು ಎಂದು ಕೂಲಿ ಪಡೆಯುವವರ ಕೈಗೆ ಕೆಲಸ ಕಡಿಮೆಯಾಗುತ್ತದೆ. ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿ ಚೀನಾ ಮಾಲಿನಿಂದ ರಕ್ಷಣೆ ಕೊಟ್ಟಿದ್ದು ನಿಜ. ರಸ್ತೆಯೇ ಸರಿದುಹೋದಾಗ ಆ ರಕ್ಷಣೆ ಸಾಲದು.

ಚೆಸ್‌ಗೂ ಚನ್ನಪಟ್ಟಣಕ್ಕೂ ನೇರ ನಂಟೇ ಇದೆ. ಇಲ್ಲಿ ಚೆಸ್ ಕಾಯಿಗಳನ್ನೂ ಕಡೆಯುತ್ತಾರೆ. ಆಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಉಳಿ ತಾಗಿಸಿದರೆ ನೋಡುನೋಡುತ್ತಲೇ ಕಾಲಾಳಿನ ತಲೆ, ಕುತ್ತಿಗೆ, ಪಾದ ಮೂಡುತ್ತವೆ. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಗರಿಯಿಂದ ತಿಕ್ಕಿದರೆ ಫಳಫಳ ಹೊಳೆಯುತ್ತದೆ. ಆನೆ, ಒಂಟೆ, ಮಂತ್ರಿ, ರಾಜ ಎಲ್ಲ ಹೀಗೇ ಸುತ್ತಿನ ಮೇಲೆ ಹುಟ್ಟುತ್ತವೆ. ಕುದುರೆ ಮಾತ್ರ ಲೇತ್‌ಗೆ ಬಗ್ಗುವುದಿಲ್ಲ, ಅದರ ಮುಖವನ್ನು ಕೈಯಲ್ಲೇ ಕೆತ್ತಬೇಕು. ಇಷ್ಟು ಚೆಂದದ ಕಾಯಿಗಳು ಟೂರ್ನಿಯ ಮೇಜಿಗೆ ಬರುವುದಿಲ್ಲ. ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ ಫಿಡೆಯ ನಿಯಮದಂತೆ ರಾಜನ ಎತ್ತರ ಸುಮಾರು 9.5 ಸೆಂ.ಮೀ. ಇರಬೇಕು, ಕಾಯಿಗಳು ಹೊಳೆಯಬಾರದು. ಗಂಟೆಗಟ್ಟಲೆ ನೋಡುವ ಕಣ್ಣಿಗೆ ಹೊಳಪು ತೊಂದರೆ ಎಂಬುದು ಅವರ ವಾದ, ಅದೂ ಸರಿಯೇ. ಚನ್ನಪಟ್ಟಣದ ಹೆಗ್ಗಳಿಕೆ ಎಂದರೆ ಆ ಹೊಳಪೇ. ಹಾಗಾಗಿ ಕಾಯಿ ಕಡೆಯುವ ಊರಿನ ಟೂರ್ನಿಯಲ್ಲೂ ಹೊರಗಿನಿಂದ ಬಂದ ಪ್ಲಾಸ್ಟಿಕ್ ಕಾಯಿಗಳೇ ಓಡಾಡುತ್ತವೆ.

ಈಗ ಸಂಘಟಕರ ಕಡೆಯ ಲೆಕ್ಕ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಈ ಊರುಗಳಲ್ಲಿ ಟೂರ್ನಿ ನಡೆಸುವವರು ಬಹುತೇಕ ಶಾಲಾ ಮೇಷ್ಟ್ರು, ಬ್ಯಾಂಕಿನ ನಿವೃತ್ತರು, ಮನೆಯ ಮಹಡಿಯಲ್ಲಿ ಚೆಸ್ ಹೇಳಿಕೊಡುವ ಹುಡುಗರು. ನೂರು ಮಕ್ಕಳು ತಲಾ ನಾನೂರು ಕೊಟ್ಟರೆ ನಲವತ್ತು ಸಾವಿರ ಸೇರುತ್ತದೆ. ಹಾಲ್ ಬಾಡಿಗೆ, ಶಾಮಿಯಾನದವರ ಮೇಜು ಕುರ್ಚಿ, ಆರ್ಬಿಟರ್‌ಗಳ ಸಂಭಾವನೆ, ಫ್ಲೆಕ್ಸು, ಊಟ, ಟ್ರೋಫಿ, ಸರ್ಟಿಫಿಕೇಟು ಸೇರಿ ಮೂವತ್ತು ಸಾವಿರ, ನಗದು ಬಹುಮಾನ ಹತ್ತು ಸಾವಿರ ಎನ್ನಿ. ಲೆಕ್ಕ ಸರಿಹೋಯಿತು. ನೂರರ ಬದಲು ಅರವತ್ತೇ ಮಕ್ಕಳು ಬಂದರೆ ಸೇರುವುದು ಇಪ್ಪತ್ತನಾಲ್ಕು ಸಾವಿರ. ಊಟದಲ್ಲಿ ಸ್ವಲ್ಪ ಉಳಿಯಬಹುದು, ಅಷ್ಟೇ. ನಲವತ್ತು ಮಕ್ಕಳು ಕಡಿಮೆಯಾದರು ಅಂತ ಹಾಲ್‌ನವರು ಬಾಡಿಗೆ ಇಳಿಸುವುದಿಲ್ಲ. ಪೋಸ್ಟರ್‌ನಲ್ಲಿ ಅಚ್ಚಾದ ಬಹುಮಾನ ಕೊಡಲೇಬೇಕು. ಹದಿನೈದು ಸಾವಿರದಷ್ಟು ಕೈಯಿಂದ ಹೋಗುತ್ತದೆ.

ಒಳ್ಳೆಯ ವರ್ಷವಾದರೆ ಈ ಹಳ್ಳವನ್ನು ದಾನಿಗಳು ತುಂಬುತ್ತಿದ್ದರು. ಒಡವೆ ಅಂಗಡಿಯವರು, ಕ್ಲಿನಿಕ್ಕಿನ ಡಾಕ್ಟರು, ಸೈಟು ಮಾರುವವರು ಫ್ಲೆಕ್ಸಿನಲ್ಲಿ ಹೆಸರು ಹಾಕಿಸಿಕೊಂಡು ಐದೋ ಹತ್ತೋ ಸಾವಿರ ಕೊಡುತ್ತಿದ್ದರು. ಊರಲ್ಲಿ ದುಡ್ಡು ಓಡಾಡದಿದ್ದಾಗ ಅವರ ಕೈಯೂ ಹಿಂದೆ ಸರಿಯುತ್ತದೆ. ಉಳಿದವರು ಕೊಡುವುದಾದರೂ ಕ್ರಿಕೆಟ್‌ಗೆ, ಕಬಡ್ಡಿಗೆ. ಅಲ್ಲಿ ಜನ ಸೇರುತ್ತಾರೆ, ಹೆಸರು ಕಾಣುತ್ತದೆ. ಪಿಸುಮಾತೂ ಆಡಬಾರದ ಹಾಲ್‌ನಲ್ಲಿ ನಡೆಯುವ ಆಟಕ್ಕೆ ಪ್ರಾಯೋಜಕರನ್ನು ಹುಡುಕುವ ಕಷ್ಟ ಹುಡುಕಿದವರಿಗೇ ಗೊತ್ತು. ಕೊನೆಗೆ ಸಂಘಟಕರಿಗೆ ಉಳಿಯುವುದು ಎರಡೇ ದಾರಿ, ಮುಂದಿನ ಸಲ ಫೀ ಆರುನೂರು ಮಾಡುವುದು, ಇಲ್ಲವೇ ಮುಂದಿನ ಸಲ ಟೂರ್ನಿಯನ್ನೇ ಮಾಡದಿರುವುದು. ಆರುನೂರು ಮಾಡಿದರೆ ಅರವತ್ತು ಇದ್ದದ್ದು ನಲವತ್ತಾಗುತ್ತದೆ.

ಮಕ್ಕಳು ಕಡಿಮೆಯಾದರೆ ಆಟದ ಗುಣಮಟ್ಟವೂ ಕೆಡುತ್ತದೆ. ಇದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಇಂಥ ಚೆಸ್ ಟೂರ್ನಿಗಳು ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. 1895ರಲ್ಲಿ ಜೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಸೋತವರು ಇಲ್ಲಿ ಮನೆಗೆ ಹೋಗುವುದಿಲ್ಲ. ಗೆದ್ದವರಿಗೆ ಮುಂದಿನ ರೌಂಡ್‌ನಲ್ಲಿ ಗೆದ್ದವರು, ಸೋತವರಿಗೆ ಸೋತವರು ಎದುರಾಳಿಗಳಾಗುತ್ತಾರೆ. ಒಮ್ಮೆ ಆಡಿದವರು ಮತ್ತೆ ಎದುರಾಗುವಂತಿಲ್ಲ. ಮೂರು ನಾಲ್ಕು ರೌಂಡ್ ಆಗುವಷ್ಟರಲ್ಲಿ ಪ್ರತಿಯೊಬ್ಬ ಮಗುವಿಗೂ ತನ್ನ ಸಮಕ್ಕೆ ಆಡುವವರು ಸಿಗುತ್ತಾರೆ. ಮಗು ಕಲಿಯುವುದು ಆ ಆಟಗಳಲ್ಲಿ. ಅರವತ್ತನಾಲ್ಕು ಜನರಿದ್ದರೆ ಆರು ರೌಂಡ್‌ಗೆ ಹದವಾಗಿ ಸಾಕಾಗುತ್ತದೆ. ಹದಿನಾಲ್ಕೇ ಮಕ್ಕಳಿದ್ದರೆ ಐದನೇ ರೌಂಡ್ ಹೊತ್ತಿಗೆ ಚೆನ್ನಾಗಿ ಆಡುವವರೆಲ್ಲ ಒಬ್ಬರೊಡನೊಬ್ಬರು ಆಡಿ ಮುಗಿಸಿರುತ್ತಾರೆ. ಆಮೇಲೆ ಮೊದಲ ಸ್ಥಾನದವನಿಗೆ, ಕಾಯಿ ನಡೆಸುವುದನ್ನು ಆಗಷ್ಟೇ ಕಲಿತ ಮಗು ಎದುರಾಗುತ್ತದೆ. ಹತ್ತು ನಿಮಿಷಕ್ಕೆ ಆಟ ಮುಗಿಯುತ್ತದೆ, ಒಬ್ಬನಿಗೆ ಬೇಸರ, ಇನ್ನೊಬ್ಬನಿಗೆ ಅಳು. ಅಷ್ಟು ದೂರದಿಂದ ಬಂದ ಹುಡುಗನಿಗೆ ಆರರಲ್ಲಿ ಎರಡು ಒಳ್ಳೆಯ ಆಟ ಸಿಕ್ಕರೆ ಹೆಚ್ಚು. ಅವನಪ್ಪ ಮುಂದಿನ ಸಲ ಯೋಚಿಸುತ್ತಾನೆ, ಯೋಚಿಸಿದ್ದು ತಪ್ಪಲ್ಲ.

ಅನುಕೂಲಸ್ಥರ ಮಕ್ಕಳು ಹೋಗುವ ದಾರಿ ಬೇರೆ. ಚೆಸ್‌ನಲ್ಲಿ ಮುಂದುವರಿಯಬೇಕಾದರೆ ಫಿಡೆ ರೇಟಿಂಗ್ ಬೇಕು. ರೇಟಿಂಗ್ ಹೊಂದಿದ ಆಟಗಾರರೊಂದಿಗೆ ಕನಿಷ್ಠ ಐದು ಆಟ ಆಡಬೇಕು, 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400. ನಮ್ಮ ತಾಲ್ಲೂಕು ಮಟ್ಟದ ಒಂದು ದಿನದ ಟೂರ್ನಿಗಳಿಗೆ ಸಾಮಾನ್ಯವಾಗಿ ಆ ಮಾನ್ಯತೆ ಇರುವುದಿಲ್ಲ. ಆದ್ದರಿಂದ ಉಳ್ಳವರು ಸೀದಾ ಬೆಂಗಳೂರಿಗೆ, ಮೈಸೂರಿಗೆ ಹೋಗುತ್ತಾರೆ. ಅಲ್ಲಿ ಎಂಟ್ರಿ ಫೀಯೇ ಸಾವಿರದಿಂದ ಮೇಲಕ್ಕೆ, ಆಟ ಎರಡರಿಂದ ಐದು ದಿನ. ರಾಮನಗರದಿಂದ ಬೆಂಗಳೂರು ಐವತ್ತು ಕಿ.ಮೀ. ಎಂಬುದು ಇಂಥವರಿಗೆ ಅನುಕೂಲ, ಊರಿನ ಟೂರ್ನಿಗೆ ನಷ್ಟ. ಕೈಯಲ್ಲಿ ಇದ್ದವರು ಮೇಲಕ್ಕೆ ಹೋದರು, ಇಲ್ಲದವರು ಮನೆಯಲ್ಲಿ ಉಳಿದರು. ನಡುವೆ ಇದ್ದ ಊರಿನ ಟೂರ್ನಿ ಎರಡೂ ಕಡೆಯಿಂದ ಬರಿದಾಗುತ್ತದೆ.

ಉಳ್ಳವರ ಮನೆಗೂ ಈ ದಾರಿ ಹಗುರವಲ್ಲ. ಗುಕೇಶ್ ಅವರ ತಂದೆ ಕಿವಿ, ಮೂಗು, ಗಂಟಲು ತಜ್ಞ ವೈದ್ಯರು, ತಾಯಿ ಮೈಕ್ರೊಬಯಾಲಜಿಸ್ಟ್. ಮಗನ ಜೊತೆ ಊರೂರು ತಿರುಗಲು ತಂದೆ ವೃತ್ತಿಯನ್ನೇ ಬದಿಗಿಟ್ಟರು, ಮನೆ ತಾಯಿಯ ದುಡಿಮೆಯಲ್ಲಿ ನಡೆಯಿತು, ಗೆಳೆಯರೂ ಕೈಜೋಡಿಸಿದರು. ಡಾಕ್ಟರ ಮನೆಯ ಕಥೆ ಹೀಗಿದ್ದರೆ ಗೂಡು ಬೆಳೆಯುವವರ, ಬೊಂಬೆ ಕಡೆಯುವವರ ಮನೆಯಿಂದ ಒಬ್ಬ ಆಟಗಾರ ಎದ್ದು ಬರಲು ಏನೆಲ್ಲ ಕೂಡಿಬರಬೇಕು?

ಕೂಡಿಬಂದದ್ದಕ್ಕೆ ಉದಾಹರಣೆ ಪಕ್ಕದಲ್ಲೇ ಇದೆ. ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನುಯೆಲ್ ಆರನ್ 1972ರಲ್ಲಿ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಮಿಖಾಯಿಲ್ ತಾಲ್ ಹೆಸರಿನ ಚೆಸ್ ಕ್ಲಬ್ ಕಟ್ಟಿದರು. ವಿಶ್ವನಾಥನ್ ಆನಂದ್ ಹುಡುಗನಾಗಿ ಆಡಿ ಬೆಳೆದದ್ದು ಅಲ್ಲಿ. 1988ರಲ್ಲಿ ಅವರು ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗಾಗಿ 2017ರವರೆಗೆ, ಮೈಸೂರಿನ ಎಂ.ಎಸ್. ತೇಜಕುಮಾರ್ ಬರುವವರೆಗೆ ಕಾಯಬೇಕಾಯಿತು. ಅವರು ರೈಲ್ವೆ ನೌಕರರು. ತಿಂಗಳ ಸಂಬಳದ ಆಸರೆ ಇಲ್ಲದಿದ್ದರೆ ಅಷ್ಟು ವರ್ಷ ಆಡಿಕೊಂಡು ಬರುವುದು ಕಷ್ಟವಿತ್ತು ಎಂದೇ ನನ್ನ ಎಣಿಕೆ. ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲೇ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ನಡೆಸುವ ಸಮಸ್ಯೆಗಳನ್ನು ಬಿಡಿಸುತ್ತಿದ್ದರು. ನಮಗೆ ಆಟದ ಪರಂಪರೆಯ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಫೀ ಇಲ್ಲದೆ ವಾರವಾರವೂ ಕೂತು ಆಡುವ ಜಾಗದ್ದು.

ಫೋನಿನಲ್ಲಿ ಆಡಬಹುದಲ್ಲ, ಅದು ಉಚಿತವಲ್ಲವೇ ಎನ್ನುವವರಿದ್ದಾರೆ.  2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತ, ರಷ್ಯಾ ಜಂಟಿ ಚಾಂಪಿಯನ್ ಆದವು. ಫೈನಲ್‌ನಲ್ಲಿ ನಮ್ಮ ಇಬ್ಬರು ಆಟಗಾರರ ಸಂಪರ್ಕ ಕಡಿದುಹೋಗಿ ಸಮಯ ಮೀರಿದ್ದರಿಂದ ಆ ತೀರ್ಮಾನ. ದೇಶದ ಅತ್ಯುತ್ತಮರಿಗೇ ಹೀಗಾದರೆ, ಅಪ್ಪನ ಫೋನನ್ನು ರಾತ್ರಿ ಅರ್ಧ ಗಂಟೆ ಬೇಡಿ ಪಡೆಯುವ ಹುಡುಗ ಅದರಲ್ಲಿ ಎಷ್ಟು ಕಲಿತಾನು? ತಂತ್ರ ಕಲಿಯಲು ಫೋನು ಒಳ್ಳೆಯದೇ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬ ನಿಯಮದ ಬಿಸಿ, ಎದುರು ಕೂತವಳ ಮುಖದಲ್ಲಿ ಏನೂ ಓದಲಾಗದ ಇಕ್ಕಟ್ಟು, ಸೋತ ಮೇಲೆ ಕೈಕುಲುಕಿ ಅದೇ ಆಟವನ್ನು ಅವಳ ಜೊತೆಯೇ ಮತ್ತೆ ಬಿಡಿಸಿ ನೋಡುವುದು, ಇವೆಲ್ಲ ಮೇಜಿನ ಮುಂದೆ ಮಾತ್ರ ಸಿಗುವಂಥವು.

ಇಲ್ಲಿ ಆಗಬಹುದಾದ ಕೆಲಸಗಳಿಗೆ ದೊಡ್ಡ ಯೋಜನೆಯೇನೂ ಬೇಡ. ಮೊದಲು ಟ್ರೋಫಿಗಳನ್ನು ಕಡಿಮೆ ಮಾಡಬೇಕು. ಏಳು, ಒಂಬತ್ತು, ಹನ್ನೊಂದು, ಹದಿಮೂರು, ಹದಿನೈದರೊಳಗೆ ಎಂದು ಐದು ವಯೋಮಿತಿ, ಹುಡುಗರು ಹುಡುಗಿಯರು ಬೇರೆ ಬೇರೆ, ಪ್ರತಿಯೊಂದಕ್ಕೂ ಐದೈದು ಎಂದರೆ ಐವತ್ತು ಟ್ರೋಫಿ. ಬಂದವರಲ್ಲಿ ಅರ್ಧ ಜನಕ್ಕೆ ಹೊಳೆಯುವ ಪ್ಲಾಸ್ಟಿಕ್ ಕೊಟ್ಟು ಕಳಿಸುವುದಕ್ಕೆ ಬಡ ಹುಡುಗನ ಫೀ ಖರ್ಚಾಗುತ್ತಿದೆ. ಆ ದುಡ್ಡು ಉಳಿಸಿದರೆ ಫೀ ಒಂದಿಷ್ಟು ಇಳಿಸಬಹುದು. ಕೊಡಲೇಬೇಕು ಎಂದಾದರೆ ಚನ್ನಪಟ್ಟಣದಲ್ಲಿ ಕಡೆದ ಒಂದು ಅರಗಿನ ರಾಜನನ್ನೋ ಕುದುರೆಯನ್ನೋ ಕೊಡಲಿ. ಬಹುಮಾನಕ್ಕೆ ಫಿಡೆಯ ನಿಯಮ ಅಡ್ಡ ಬರುವುದಿಲ್ಲ, ಹೊಳೆದಷ್ಟೂ ಒಳ್ಳೆಯದು. ದುಡ್ಡೂ ಊರಲ್ಲೇ ಉಳಿಯುತ್ತದೆ.

ಹಾಲ್ ಬಾಡಿಗೆ ಉಳಿಸಲು ಸರ್ಕಾರಿ ಶಾಲೆಗಳಿವೆ, ಬೆಂಚುಗಳಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಚೆಸ್ ಬೋರ್ಡು, ಕೇರಂ ಬೋರ್ಡುಗಳೂ ಇವೆ. ಅಲ್ಲಿ ವಾರಕ್ಕೊಮ್ಮೆ ಸಂಜೆ ನಾಲ್ಕು ಆಟ ಆಡಿಸಿದರೆ ಯಾರೂ ಕೂಲಿ ಬಿಡಬೇಕಿಲ್ಲ. ಪಟ್ಟಣದ ಟೂರ್ನಿ ಬೆಳಗ್ಗೆ ಹತ್ತಕ್ಕೆ ಶುರುವಾಗಿ ಎರಡಕ್ಕೆ ಮುಗಿಯಲಿ. ನಾಲ್ಕು ಗಂಟೆಯಲ್ಲಿ ಐದು ರ‍್ಯಾಪಿಡ್ ರೌಂಡ್ ಆಗುತ್ತವೆ, ಭಾಷಣಗಳನ್ನು ಬಿಟ್ಟರೆ ಆರೂ ಆದಾವು. ವರ್ಷಕ್ಕೆ ನಾಲ್ಕು ಟೂರ್ನಿ ಮಾಡುವುದಾದರೆ ನಾಲ್ಕೂ ರಾಮನಗರದಲ್ಲೇ ಯಾಕೆ? ರೈಲಿಲ್ಲದ ಮಾಗಡಿಗೆ, ಕನಕಪುರಕ್ಕೆ ಮೊದಲ ಸರದಿ ಕೊಡಬೇಕು.

ಇನ್ನೊಂದು ಅವಕಾಶ ಕಣ್ಣೆದುರೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ತಾಯಿ ಮಗಳು ಇಬ್ಬರೂ ಕನಕಪುರದಿಂದ ರಾಮನಗರಕ್ಕೆ ಬಿಡಿಗಾಸು ಕೊಡದೆ ಬಂದು ಹೋಗಬಹುದು. ಖರ್ಚಿನ ದೊಡ್ಡ ಪಾಲೊಂದು ಹೀಗೆ ಆಗಲೇ ಇಳಿದಿದ್ದರೂ ನಮ್ಮ ಟೂರ್ನಿಗಳ ಪೋಸ್ಟರುಗಳು ಅದನ್ನು ಗಮನಿಸಿದಂತಿಲ್ಲ. ಜೊತೆಗೆ ಬರುವುದು ಅಪ್ಪನೇ, ಆಡುವುದು ಹುಡುಗನೇ ಎಂಬ ಲೆಕ್ಕದಲ್ಲೇ ಅವು ತಯಾರಾಗುತ್ತಿವೆ. ಈ ಜಿಲ್ಲೆಯ ಸಂಘಟಕರು ಒಂದು ವರ್ಷದ ಮಟ್ಟಿಗೆ ಹುಡುಗಿಯರಿಗೆ ಎಂಟ್ರಿ ಫೀ ಇಲ್ಲ ಎಂದು ಅಚ್ಚು ಹಾಕಿಸಲಿ, ತಾಯಂದಿರಿಗೆ ಕೂರಲು ಒಂದು ಕೋಣೆ, ಶುಚಿಯಾದ ಒಂದು ಶೌಚಾಲಯ ಇರುವ ಶಾಲೆಯನ್ನೇ ಆರಿಸಲಿ. ದಿನಾಂಕ ಗೊತ್ತುಮಾಡುವ ಮೊದಲು ಸುತ್ತಲಿನ ಹಳ್ಳಿಗಳಲ್ಲಿ ಯಾವ ವಾರ ಹುಳು ಹಣ್ಣಾಗುತ್ತದೆ ಎಂದು ನಾಲ್ಕು ಮನೆಗೆ ಫೋನ್ ಮಾಡಿ ಕೇಳಲಿ.